ಪ್ರಶ್ನೆ ಕೇಳುವವರು ಯಾರು? ದೃಢೀಕರಣ ತರಗತಿ ಮತ್ತು ಹದಿಹರೆಯದವರ ವಿಶ್ವಾಸ

ದೃಢೀಕರಣದ ಆರಾಧನೆಯು ನಮ್ಮ ಸಭೆಗಳಲ್ಲಿ ಸಂತೋಷದ ದಿನ. ಬಿಳಿಯ ಉಡುಪು ಧರಿಸಿದ ಹುಡುಗ ಹುಡುಗಿಯರು ಬಲಿಪೀಠದ ಮುಂದೆ ಮೊಣಕಾಲೂರುತ್ತಾರೆ. ಬಿಷಪರು ಅಥವಾ ಅವರಿಂದ ಅಧಿಕಾರ ಪಡೆದ ಸಭಾಪಾಲಕರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಹೆಚ್ಚಿನ ಸಭೆಗಳಲ್ಲಿ ಅವರು ಮೊದಲ ಬಾರಿಗೆ ಕರ್ತನ ಭೋಜನದಲ್ಲಿ ಪಾಲುಗೊಳ್ಳುವುದೂ ಆ ದಿನವೇ. ಆದರೆ ಕೆಲವು ವರ್ಷ ಸಭಾಸೇವೆ ಮಾಡಿದವರೆಲ್ಲರೂ ಬಲ್ಲ ಇನ್ನೊಂದು ಸಂಗತಿಯಿದೆ. ಆ ದಿನದ ತರುವಾಯ ಅವರಲ್ಲಿ ಅನೇಕರು ಆರಾಧನೆಯಲ್ಲಿ ಕಾಣಿಸಿಕೊಳ್ಳುವುದು ವಿರಳವಾಗುತ್ತದೆ. ಭಾನುವಾರದ ಶಾಲೆ ಮುಗಿದಿರುತ್ತದೆ, ಯುವಜನ ಸಂಘದಲ್ಲಿ ಇನ್ನೂ ಸ್ಥಾನ ದೊರೆತಿರುವುದಿಲ್ಲ, ಎಸ್‌ಎಸ್‌ಎಲ್‌ಸಿಯ ನಂತರ ಪಿಯುಸಿ, ಅದರ ಬೆನ್ನಿಗೇ ಪ್ರವೇಶ ಪರೀಕ್ಷೆಗಳ ತರಬೇತಿ. ಸಭೆಯ ಪೂರ್ಣ ಜೀವನಕ್ಕೆ ಬಾಗಿಲಾಗಬೇಕಾದ ವಿಧಿಯು ಬೀಳ್ಕೊಡುಗೆಯಾಗಿ ಪರಿಣಮಿಸುತ್ತದೆ.

ಇದಕ್ಕೆ ಕಾಲದ ಒತ್ತಡವನ್ನೂ ಮೊಬೈಲನ್ನೂ ದೂರುವುದು ಸುಲಭ. ಅವು ಕಾರಣಗಳೇ ಹೌದು. ಆದರೆ ನಮ್ಮ ಕೈಯಲ್ಲೇ ಇರುವ ಒಂದು ಕಾರಣವನ್ನು ಈ ಲೇಖನವು ಪರಿಶೀಲಿಸುತ್ತದೆ. ದೃಢೀಕರಣ ತರಗತಿಯಲ್ಲಿ ಪ್ರಶ್ನೆ ಕೇಳುವವರು ಯಾರು, ಉತ್ತರ ಹೇಳುವವರು ಯಾರು? ಬಹುಮಟ್ಟಿಗೆ ಉಪದೇಶಕನು ಕೇಳುತ್ತಾನೆ, ವಿದ್ಯಾರ್ಥಿಯು ಕಂಠಪಾಠ ಒಪ್ಪಿಸುತ್ತಾನೆ. ಪವಿತ್ರಶಾಸ್ತ್ರವು ತೋರಿಸುವ ಕ್ರಮವಾದರೋ ಇದಕ್ಕೆ ತಿರುಗುಮುರುಗಾದುದು.

ಶಾಸ್ತ್ರದ ಕ್ರಮ

ಇಸ್ರಾಯೇಲಿನ ವಿಶ್ವಾಸವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವ ಬಗೆಯನ್ನು ಮೂರು ವಾಕ್ಯಭಾಗಗಳು ಒಂದೇ ಮಾದರಿಯಲ್ಲಿ ವರ್ಣಿಸುತ್ತವೆ. ಪಸ್ಕದ ಆಚರಣೆಯನ್ನು ನೋಡಿದ ಮಕ್ಕಳು ಇದರ ಅರ್ಥವೇನೆಂದು ಕೇಳುವರೆಂದು ವಿಮೋಚನಕಾಂಡ 12:26 ಹೇಳುತ್ತದೆ. ಆಜ್ಞಾವಿಧಿಗಳ ಅರ್ಥವನ್ನು ಮಗನು ತಂದೆಯಲ್ಲಿ ವಿಚಾರಿಸುವನೆಂದು ಧರ್ಮೋಪದೇಶಕಾಂಡ 6:20 ಮುಂಗಾಣುತ್ತದೆ. ಯೊರ್ದನನ್ನು ದಾಟಿದ ಜನರು ನದಿಯಿಂದ ಹೊತ್ತು ತಂದ ಹನ್ನೆರಡು ಕಲ್ಲುಗಳನ್ನು ಕಂಡ ಮುಂದಿನ ಪೀಳಿಗೆಯೂ ಹಾಗೆಯೇ ಕೇಳುವುದೆಂದು ಯೆಹೋಶುವ 4:6 ತಿಳಿಸುತ್ತದೆ. ಮೂರೂ ಕಡೆ ಪ್ರಶ್ನೆ ಮಗುವಿನದು. ಮಗುವು ಪ್ರಶ್ನಿಸುವಂಥ ಜೀವನವನ್ನು ನಡೆಸುವುದು ಮತ್ತು ಪ್ರಶ್ನೆ ಬಂದಾಗ ಉತ್ತರ ಕೊಡುವುದು ಹಿರಿಯರ ಹೊಣೆ.

ಆ ಉತ್ತರದ ಸ್ವರೂಪವೂ ಗಮನಾರ್ಹ. ಧರ್ಮೋಪದೇಶಕಾಂಡದಲ್ಲಿ ತಂದೆಯು ಆಜ್ಞೆಗಳಿಗೆ ವ್ಯಾಖ್ಯಾನ ಬರೆಯುವುದಿಲ್ಲ, ಕಥೆ ಹೇಳುತ್ತಾನೆ. ಐಗುಪ್ತದಲ್ಲಿ ನಾವು ದಾಸರಾಗಿದ್ದೆವು, ದೇವರು ನಮ್ಮನ್ನು ಹೊರತಂದನು ಎಂಬ ಭಾವದ ಕಥೆ. ಕೇಳುತ್ತಿರುವ ಮಗನು ಐಗುಪ್ತವನ್ನು ಕಂಡವನಲ್ಲ. ಹಲವು ತಲೆಮಾರುಗಳ ನಂತರದ ತಂದೆಯೂ ಕಂಡವನಲ್ಲ. ಆದರೂ ‘ನಾವು’ ಎಂಬ ಆ ಮಾತಿನಲ್ಲಿ ಇಬ್ಬರೂ ಸೇರಿಕೊಳ್ಳುತ್ತಾರೆ. ಮಗುವಿಗೆ ದೊರೆಯುವುದು ಮಾಹಿತಿ ಮಾತ್ರವಲ್ಲ, ಒಂದು ಜನಾಂಗದೊಳಗಣ ಸ್ಥಾನವೂ ಹೌದು.

ಹೊಸ ಒಡಂಬಡಿಕೆಯಲ್ಲಿ ನಮ್ಮ ಕರ್ತನ ಹದಿಹರೆಯದ ಹೊಸ್ತಿಲಿನ ಒಂದೇ ಒಂದು ಘಟನೆ ಉಳಿದಿದೆ. ಹನ್ನೆರಡು ವರ್ಷದ ಯೇಸುವು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತನ್ನು ಕೇಳುತ್ತಲೂ ಅವರನ್ನು ಪ್ರಶ್ನಿಸುತ್ತಲೂ ಇದ್ದನು (ಲೂಕ 2:46). ಬೋಧಕರು ಅವನನ್ನು ಹೊರಗಟ್ಟಲಿಲ್ಲ. ತಂದೆತಾಯಿಗಳಿಗೆ ಅವನ ಮಾತು ಅರ್ಥವಾಗಲಿಲ್ಲವೆಂಬುದನ್ನು ಸುವಾರ್ತಿಕನು ಮರೆಮಾಡುವುದಿಲ್ಲ (2:50). ಮರಿಯಳು ಅರ್ಥವಾಗದ ಆ ಸಂಗತಿಯನ್ನು ಹೃದಯದಲ್ಲಿಟ್ಟುಕೊಂಡಳು. ಬಾಲಕನು ಅವರೊಡನೆ ಊರಿಗೆ ಹಿಂದಿರುಗಿ ಅವರಿಗೆ ಅಧೀನನಾಗಿದ್ದನು (2:51). ಪ್ರಶ್ನಿಸುವುದು ಮತ್ತು ವಿಧೇಯನಾಗಿರುವುದು ಒಂದೇ ವ್ಯಕ್ತಿಯಲ್ಲಿ, ಒಂದೇ ಅಧ್ಯಾಯದಲ್ಲಿ ಕೂಡಿವೆ. ಪ್ರಶ್ನೆಯನ್ನು ಅವಿಧೇಯತೆಯೆಂದು ಭಾವಿಸುವ ನಮ್ಮ ಅಭ್ಯಾಸಕ್ಕೆ ಈ ಭಾಗವು ಆಧಾರ ಕೊಡುವುದಿಲ್ಲ.

ಪ್ರಶ್ನೋತ್ತರದ ಪರಂಪರೆ

ಹಾಗಾದರೆ ನಾವು ಆನುವಂಶಿಕವಾಗಿ ಪಡೆದ ಪ್ರಶ್ನೋತ್ತರಮಾಲೆಯನ್ನು ಬಿಟ್ಟುಬಿಡಬೇಕೇ? ಇತಿಹಾಸವನ್ನು ನೋಡಿದರೆ ಅದರ ಮೂಲ ಉದ್ದೇಶವೇ ಬೇರೆಯಾಗಿತ್ತೆಂದು ಕಾಣುತ್ತದೆ. ಸ್ಯಾಕ್ಸನಿಯ ಸಭೆಗಳನ್ನು ಸಂದರ್ಶಿಸಿದ ಲೂಥರನು ಜನರಲ್ಲಿಯೂ ಬೋಧಕರಲ್ಲಿಯೂ ಕಂಡ ಅಜ್ಞಾನದಿಂದ ನೊಂದು 1529ರಲ್ಲಿ ಚಿಕ್ಕ ಪ್ರಶ್ನೋತ್ತರವನ್ನು ಪ್ರಕಟಿಸಿದನು. ಅದರ ಭಾಗಗಳಿಗೆ ಕೊಟ್ಟ ಶಿರೋನಾಮೆಗಳಲ್ಲಿ ಕುಟುಂಬದ ಯಜಮಾನನು ಮನೆಯವರಿಗೆ ಇದನ್ನು ಸರಳವಾಗಿ ಕಲಿಸಬೇಕೆಂಬ ಸೂಚನೆಯಿದೆ. ಅಂದರೆ ಅದರ ಸ್ವಾಭಾವಿಕ ಸ್ಥಳ ಊಟದ ಮೇಜು, ಪರೀಕ್ಷಾ ಕೊಠಡಿಯಲ್ಲ. ಮೊದಲು ಮೂಲಪಾಠವನ್ನು ಬಾಯಿಪಾಠ ಮಾಡಿಸಿ, ಅನಂತರ ಅದರ ಅರ್ಥವನ್ನು ಕಲಿಸಿ, ಆಮೇಲೆ ಇನ್ನೂ ವಿಸ್ತಾರವಾದ ತಿಳಿವಳಿಕೆಗೆ ನಡೆಸಬೇಕೆಂದು ಮುನ್ನುಡಿಯಲ್ಲಿ ಆತನು ಕ್ರಮವನ್ನು ಹಾಕಿಕೊಟ್ಟಿದ್ದಾನೆ. ನಾವು ಅನೇಕ ವೇಳೆ ಮೊದಲ ಮೆಟ್ಟಿಲಲ್ಲಿಯೇ ನಿಂತುಬಿಡುತ್ತೇವೆ.

1563ರಲ್ಲಿ ಪ್ರಕಟವಾದ ಹೈಡೆಲ್‌ಬರ್ಗ್ ಪ್ರಶ್ನೋತ್ತರದಲ್ಲಿ 129 ಪ್ರಶ್ನೆಗಳಿವೆ. ಅದರ ಮೊದಲ ಪ್ರಶ್ನೆಯು ದೇವರ ಲಕ್ಷಣವನ್ನಾಗಲಿ ಶಾಸ್ತ್ರದ ಅಧಿಕಾರವನ್ನಾಗಲಿ ಕುರಿತುದಲ್ಲ. ಬದುಕಿನಲ್ಲಿಯೂ ಸಾವಿನಲ್ಲಿಯೂ ನಿನಗೆ ಆದರಣೆ ಯಾವುದೆಂದು ಅದು ವಿಚಾರಿಸುತ್ತದೆ. ಉತ್ತರವನ್ನು ‘ನಾನು’ ಎಂದೇ ಹೇಳಬೇಕು. ಗ್ರಂಥದ ಮೂರು ಭಾಗಗಳು ಮನುಷ್ಯನ ದುರವಸ್ಥೆ, ವಿಮೋಚನೆ ಮತ್ತು ಕೃತಜ್ಞತೆಯನ್ನು ಕುರಿತಿವೆ. ದಶಾಜ್ಞೆಗಳೂ ಕರ್ತನ ಪ್ರಾರ್ಥನೆಯೂ ಮೂರನೆಯ ಭಾಗದಲ್ಲಿ ಬರುತ್ತವೆ. ಕ್ರೈಸ್ತ ನಡತೆಯು ರಕ್ಷಣೆಗಾಗಿ ತೆರುವ ಬೆಲೆಯಲ್ಲ, ರಕ್ಷಣೆ ಹೊಂದಿದವರ ಸ್ತೋತ್ರವೆಂಬ ತಿಳಿವು ಈ ಏರ್ಪಾಡಿನಲ್ಲಿಯೇ ಅಡಗಿದೆ.

ಪ್ರೊಟೆಸ್ಟಂಟ್ ಸಭೆಗಳ ದೃಢೀಕರಣವಿಧಿಯ ಹುಟ್ಟಿನಲ್ಲಿಯೂ ಒಂದು ಆಕ್ಷೇಪಣೆಯಿತ್ತು. ಹೆಸ್ಸೆ ಪ್ರಾಂತದಲ್ಲಿ ಅನಾಬ್ಯಾಪ್ಟಿಸ್ಟರು ಶಿಶುದೀಕ್ಷಾಸ್ನಾನವನ್ನು ಪ್ರಶ್ನಿಸಿದರು: ಸ್ವಂತ ಬಾಯಿಂದ ಅರಿಕೆಮಾಡದವರನ್ನು ಸಭೆಯವರೆಂದು ಎಣಿಸುವುದು ಹೇಗೆ? ಮಾರ್ಟಿನ್ ಬುಟ್ಸರನು ಈ ಆಕ್ಷೇಪಣೆಯನ್ನು ತಳ್ಳಿಹಾಕದೆ ಅದರಲ್ಲಿದ್ದ ಸತ್ಯಾಂಶವನ್ನು ಮನಗಂಡನು. 1539ರ ಜೀಗೆನ್‌ಹೈನ್ ಸಭಾಕ್ರಮದಲ್ಲಿ ಮಕ್ಕಳಿಗೆ ಉಪದೇಶ, ಸಭೆಯ ಮುಂದೆ ಅವರ ಸ್ವಂತ ಅರಿಕೆ, ಹಸ್ತಾರ್ಪಣೆ ಇವನ್ನು ವ್ಯವಸ್ಥೆಗೊಳಿಸಲಾಯಿತು. ವಿರೋಧಿಗಳ ಪ್ರಶ್ನೆಯನ್ನೂ ಗೌರವಿಸಿ ಉತ್ತರಿಸಿದುದರಿಂದ ಹುಟ್ಟಿದ ವಿಧಿಯು ಇಂದು ಸ್ವಂತ ಮಕ್ಕಳ ಪ್ರಶ್ನೆಗೆ ಎಡೆಗೊಡದಿದ್ದರೆ ಅದು ತನ್ನ ಮೂಲವನ್ನು ಮರೆತಂತೆಯೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಲೂಥರನ್ ಹಾಗೂ ರಿಫಾರ್ಮ್ಡ್ ಎರಡೂ ಧಾರೆಗಳಿಂದ ಪೋಷಣೆ ಪಡೆದಿದ್ದುದರಿಂದ ಈ ಆಸ್ತಿಯು ಕನ್ನಡ ಸಭೆಗಳಿಗೆ ಅನ್ಯವಾದುದಲ್ಲ.

ಹುಡುಕಾಟದ ವಯಸ್ಸು

ಹದಿಹರೆಯದ ಮನಸ್ಸಿನ ಬೆಳವಣಿಗೆಯನ್ನು ಅಭ್ಯಸಿಸಿದವರ ಮಾತು ಇಲ್ಲಿ ನೆರವಾಗುತ್ತದೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಷಿಯಾ 1966ರಲ್ಲಿ ಎರಿಕ್ ಎರಿಕ್ಸನ್ನನ ವಿಚಾರವನ್ನು ಮುಂದುವರಿಸಿ, ಯುವಜನರ ಆತ್ಮಗುರುತನ್ನು ಎರಡು ಅಳತೆಗಳಿಂದ ವಿವರಿಸಿದನು. ಒಂದು ಹುಡುಕಾಟ, ಇನ್ನೊಂದು ಬದ್ಧತೆ. ಹುಡುಕದೆಯೇ ಬದ್ಧರಾದವರು ಹಿರಿಯರ ನಿರ್ಣಯವನ್ನು ಎರವಲು ಪಡೆದಿರುತ್ತಾರೆ. ಹುಡುಕುತ್ತಲೇ ಇದ್ದು ಇನ್ನೂ ಎಲ್ಲಿಯೂ ನೆಲೆನಿಲ್ಲದವರಿದ್ದಾರೆ. ಎರಡೂ ಇಲ್ಲದೆ ತೇಲುವವರಿದ್ದಾರೆ. ಹುಡುಕಿ ತಮ್ಮದನ್ನಾಗಿ ಮಾಡಿಕೊಂಡವರೂ ಇದ್ದಾರೆ. ನಮ್ಮ ತರಗತಿಗಳಲ್ಲಿ ಅಚ್ಚುಕಟ್ಟಾಗಿ ಉತ್ತರ ಒಪ್ಪಿಸುವ ಮಗುವು ನಮಗೆ ಸಮಾಧಾನ ಕೊಡುತ್ತದೆ. ಆದರೆ ಅದು ಮೊದಲನೆಯ ಗುಂಪಿಗೆ ಸೇರಿದ್ದಾಗಿರಬಹುದು. ಬೆಂಗಳೂರಿನ ಕಾಲೇಜಿನಲ್ಲೋ ಹೊರರಾಜ್ಯದ ವಸತಿನಿಲಯದಲ್ಲೋ ಮೊದಲ ಗಂಭೀರ ಆಕ್ಷೇಪಣೆ ಎದುರಾದಾಗ ಎರವಲಿನ ಉತ್ತರವು ಉಪಯೋಗಕ್ಕೆ ಬರುವುದಿಲ್ಲ.

ಕ್ರೈಸ್ತ ಶಿಕ್ಷಣತಜ್ಞ ಜಾನ್ ವೆಸ್ಟರ್‌ಹಾಫ್ 1976ರ ತನ್ನ ಪುಸ್ತಕದಲ್ಲಿ ವಿಶ್ವಾಸದ ನಾಲ್ಕು ಬಗೆಗಳನ್ನು ಹೇಳುತ್ತಾನೆ: ಅನುಭವದ ವಿಶ್ವಾಸ, ಕೂಡಿಬಾಳುವ ವಿಶ್ವಾಸ, ಹುಡುಕುವ ವಿಶ್ವಾಸ ಮತ್ತು ಸ್ವಂತವಾದ ವಿಶ್ವಾಸ. ಇವು ಮರದ ಉಂಗುರಗಳಂತೆ. ಹೊಸದು ಬೆಳೆದಾಗ ಹಳೆಯದು ಒಳಗೆ ಉಳಿದುಕೊಳ್ಳುತ್ತದೆ. ಇಲ್ಲಿ ಹುಡುಕಾಟವನ್ನು ವಿಶ್ವಾಸದ ಕೊರತೆಯೆಂದಲ್ಲ, ವಿಶ್ವಾಸದ್ದೇ ಒಂದು ಬಗೆಯೆಂದು ಗುರುತಿಸಲಾಗಿದೆ. ಶಾಸ್ತ್ರವೂ ಇದಕ್ಕೆ ಸಾಕ್ಷಿ. ಎಷ್ಟರ ತನಕ ಎಂದು ಮೊರೆಯಿಡುವ 13ನೆಯ ಕೀರ್ತನೆ, ದೇವರೊಡನೆ ವ್ಯಾಜ್ಯಕ್ಕೆ ನಿಂತ ಹಬಕ್ಕೂಕನು, ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡ ತಂದೆ (ಮಾರ್ಕ 9:24), ಗಾಯದ ಗುರುತುಗಳನ್ನು ನೋಡಬೇಕೆಂದ ತೋಮನು, ಇವರೆಲ್ಲರೂ ವಿಶ್ವಾಸಿಗಳ ಸಾಲಿನಲ್ಲಿಯೇ ಇದ್ದಾರೆ. ಆದರೆ ಹುಡುಕಾಟವೇ ಗುರಿಯಲ್ಲ. ತೋಮನು ಶಿಷ್ಯರ ನಡುವೆಯೇ ಉಳಿದುಕೊಂಡನು. ಎಂಟು ದಿನಗಳ ನಂತರ ಅಲ್ಲಿಯೇ ಅವನಿಗೆ ದರ್ಶನವಾಯಿತು. ಸಂಶಯವುಳ್ಳವನಿಗೆ ಆ ಎಂಟು ದಿನ ಜಾಗ ಕೊಡುವುದು ಸಭೆಯ ಕೆಲಸ.

ಅಂಕಗಳ ನಡುವೆ ಕೃಪೆ

ಕರ್ನಾಟಕದ ಹದಿನೈದರ ಬಾಲಕ ಬಾಲಕಿಯರು ತಮ್ಮನ್ನು ತಾವೇ ಅಳೆದುಕೊಳ್ಳುವ ಮುಖ್ಯ ಅಳತೆಗೋಲು ಅಂಕ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಒಂದು ಮನೆಯ ಮುಖ ಅರಳುವುದೂ ಬಾಡುವುದೂ ಅದರಿಂದಲೇ. ನೆರೆಯವರ ಮಕ್ಕಳೊಂದಿಗೆ ಹೋಲಿಕೆ, ಸಾಲ ಮಾಡಿ ಕಟ್ಟಿದ ಶುಲ್ಕದ ಭಾರ, ಸೋತರೆ ಮುಖ ತೋರಿಸುವುದು ಹೇಗೆಂಬ ಭಯ ಇವೆಲ್ಲ ಆ ವಯಸ್ಸಿನವರ ಮನಸ್ಸಿನಲ್ಲಿವೆ. ಈ ಭಯವು ಕೆಲವು ಮಕ್ಕಳನ್ನು ಪ್ರಾಣತ್ಯಾಗದ ಅಂಚಿಗೂ ತಳ್ಳುತ್ತದೆಂಬುದನ್ನು ನಾವು ಬಲ್ಲೆವು.

ಇಂಥ ಮಗುವು ದೃಢೀಕರಣ ತರಗತಿಗೆ ಬಂದಾಗ ಅಲ್ಲಿಯೂ ಪಾಠ, ಕಂಠಪಾಠ, ಪರೀಕ್ಷೆ, ಅಂಕಪಟ್ಟಿಗಳಿದ್ದರೆ ಅದು ಏನನ್ನು ಕಲಿಯುತ್ತದೆ? ಕ್ರಿಯೆಗಳಿಂದಲ್ಲ, ಕೃಪೆಯಿಂದ ನೀತಿವಂತರೆಂಬ ನಿರ್ಣಯ ಹೊಂದುತ್ತೇವೆಂದು ನಾವು ಬಾಯಿಂದ ಬೋಧಿಸುತ್ತೇವೆ. ತರಗತಿಯ ರೀತಿಯಿಂದ ಅದಕ್ಕೆ ವಿರುದ್ಧವಾದುದನ್ನು ಕಲಿಸುತ್ತೇವೆ. ಮಕ್ಕಳು ಎರಡನೆಯದನ್ನೇ ನಂಬುವುದು ಸಹಜ. ದೇವರೂ ಇನ್ನೊಬ್ಬ ಪರೀಕ್ಷಕನಾಗಿ ಅವರಿಗೆ ಕಾಣುತ್ತಾನೆ.

ಕಂಠಪಾಠವು ಬೇಡವೆಂದು ಇದರ ಅರ್ಥವಲ್ಲ. ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಕೆಲವು ಕೀರ್ತನೆಗಳು ನಾಲಿಗೆಯಲ್ಲಿ ಉಳಿದಿದ್ದರೆ ಸ್ವಂತ ಮಾತು ಸೋತ ಗಳಿಗೆಯಲ್ಲಿ ಅವು ಪ್ರಾರ್ಥಿಸುತ್ತವೆ. ಆಸ್ಪತ್ರೆಯ ಹಾಸಿಗೆಯಲ್ಲಿರುವ ವೃದ್ಧರ ಬಳಿ ಕುಳಿತ ಸಭಾಪಾಲಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದನ್ನು ಅಳತೆಗೋಲಾಗಿ ಬಳಸದೆ ಬುತ್ತಿಯಾಗಿ ಕೊಡಬೇಕು. ಎಲ್ಲರೂ ಒಟ್ಟಾಗಿ ಹೇಳಿ ಕಲಿಯಲಿ. ತಪ್ಪಿದವನನ್ನು ಜೊತೆಯವನು ಎತ್ತಿಕೊಡಲಿ. ಯಾರನ್ನೂ ಅನುತ್ತೀರ್ಣರೆಂದು ಹೇಳದಿರೋಣ. ಕಲಿಕೆಯಲ್ಲಿ ಹಿಂದುಳಿದ ಮಗುವು ತಾನು ಇಲ್ಲಿ ಮಾತ್ರ ಹೋಲಿಕೆಗೆ ಒಳಗಾಗಲಿಲ್ಲವೆಂದು ಅರಿತರೆ ಅದಕ್ಕೆ ಕೃಪೆಯ ಮೊದಲ ಪಾಠವಾದಂತೆ.

ಒಂದು ಪ್ರಶ್ನೆಯ ಉದಾಹರಣೆ

ಪ್ರಶ್ನೆಗಳಿಗೆ ಎಡೆಗೊಡುವ ಸರಳ ವಿಧಾನವೊಂದಿದೆ. ಮೊದಲ ದಿನವೇ ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆಗಳನ್ನು ಬರೆಯಿಸಿ ಪೆಟ್ಟಿಗೆಯಲ್ಲಿ ಹಾಕಿಸುವುದು, ಮುಂದಿನ ಪಾಠಗಳನ್ನು ಆ ಪ್ರಶ್ನೆಗಳ ಸುತ್ತ ಹೆಣೆಯುವುದು. ವಿಜ್ಞಾನದ ಪುಸ್ತಕವೂ ಆದಿಕಾಂಡವೂ ಒಟ್ಟಿಗೆ ನಿಲ್ಲುವುದು ಹೇಗೆ, ಸಭೆಯಲ್ಲಿ ಮದುವೆಯ ಮಾತು ಬಂದಾಗ ಜಾತಿಯೇಕೆ ತಲೆಯೆತ್ತುತ್ತದೆ, ಪ್ರಾರ್ಥಿಸಿದರೂ ಅಮ್ಮ ಏಕೆ ಗುಣವಾಗಲಿಲ್ಲ ಎಂಬಂಥ ಪ್ರಶ್ನೆಗಳು ಬರುತ್ತವೆ. ನಮ್ಮ ನಾಡಿನಲ್ಲಿ ಬಂದೇ ಬರುವ ಇನ್ನೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ: ‘ನನ್ನ ಆಪ್ತ ಗೆಳತಿ ಕ್ರೈಸ್ತಳಲ್ಲ. ಅವಳು ನರಕಕ್ಕೆ ಹೋಗುವಳೇ?’

ಕೂಡಲೇ ‘ಹೌದು’ ಅಥವಾ ‘ಇಲ್ಲ’ ಎನ್ನುವವನು ಪ್ರಶ್ನೆಯನ್ನು ಕೇಳಿಸಿಕೊಂಡಿಲ್ಲ. ಇದರ ಹಿಂದೆ ಸ್ನೇಹವಿದೆ, ಆ ಸ್ನೇಹಕ್ಕೂ ವಿಶ್ವಾಸಕ್ಕೂ ಹೊಂದಿಕೆಯಿಲ್ಲದಿರಬಹುದೆಂಬ ಅಂಜಿಕೆಯಿದೆ. ಆದುದರಿಂದ ಮೊದಲ ಹೆಜ್ಜೆ, ಆ ಗೆಳತಿಯನ್ನು ಕುರಿತು ಅವಳು ಮಾತನಾಡುವಂತೆ ಮಾಡುವುದು. ಎರಡನೆಯ ಹೆಜ್ಜೆ, ಈ ಅಂಜಿಕೆಗೆ ಶಾಸ್ತ್ರದಲ್ಲಿ ಜೊತೆಗಾರರಿದ್ದಾರೆಂದು ತೋರಿಸುವುದು. ಸೋದೋಮಿನವರಿಗಾಗಿ ವಾದಿಸಿದ ಅಬ್ರಹಾಮನು ಲೋಕಕ್ಕೆಲ್ಲ ನ್ಯಾಯತೀರಿಸುವವನು ಅನ್ಯಾಯ ಮಾಡಬಾರದೆಂದು ದೇವರ ಮುಂದೆಯೇ ನುಡಿದನು (ಆದಿಕಾಂಡ 18:25). ಕೊರ್ನೇಲ್ಯನ ಮನೆಯಲ್ಲಿ ದೇವರು ಪಕ್ಷಪಾತಿಯಲ್ಲವೆಂದು ಅರಿತುಕೊಂಡವನು ಪೇತ್ರನೇ (ಅಪೊಸ್ತಲರ ಕೃತ್ಯಗಳು 10:34). ಮೂರನೆಯ ಹೆಜ್ಜೆ, ಸಭೆಯು ಅರಿಕೆಮಾಡುವುದನ್ನೂ ದೇವರಿಗೇ ಬಿಟ್ಟುಕೊಡುವುದನ್ನೂ ಬೇರ್ಪಡಿಸುವುದು. ಕ್ರಿಸ್ತನಲ್ಲಿ ರಕ್ಷಣೆಯಿದೆಯೆಂದು ನಾವು ಸಂಕೋಚವಿಲ್ಲದೆ ಸಾರುತ್ತೇವೆ. ಒಬ್ಬ ವ್ಯಕ್ತಿಯ ಮೇಲಿನ ಕಡೆಯ ತೀರ್ಪು ನಮ್ಮ ಕೈಯಲ್ಲಿಲ್ಲ. ಲೋಕಕ್ಕಾಗಿ ಪ್ರಾಣಕೊಟ್ಟವನೇ ಅದರ ನ್ಯಾಯಾಧಿಪತಿ. ನಾಲ್ಕನೆಯ ಹೆಜ್ಜೆ, ಪ್ರಶ್ನೆಯನ್ನು ನಡತೆಗೆ ತಿರುಗಿಸುವುದು. ಆ ಗೆಳೆತನದಲ್ಲಿ ಕ್ರೈಸ್ತಳಾಗಿರುವುದೆಂದರೇನು? ತನ್ನ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕತ್ವದಿಂದಲೂ ಗೌರವದಿಂದಲೂ ಉತ್ತರಿಸಬೇಕೆಂಬ 1 ಪೇತ್ರ 3:15ರ ಬುದ್ಧಿವಾದವು ಇಲ್ಲಿ ಆ ಹುಡುಗಿಯ ಶಾಲೆಯ ಬೆಂಚಿಗೆ ಬಂದು ತಲಪುತ್ತದೆ.

ಎಲ್ಲ ಪ್ರಶ್ನೆಗೂ ಈ ನಾಲ್ಕು ಹೆಜ್ಜೆಗಳು ಹೊಂದುತ್ತವೆ: ಪ್ರಶ್ನೆಯ ಹಿಂದಿನ ಜೀವವನ್ನು ಆಲಿಸುವುದು, ಶಾಸ್ತ್ರದಲ್ಲಿ ಅದಕ್ಕೆ ಸಂಗಡಿಗರನ್ನು ಹುಡುಕುವುದು, ಸಭೆಯ ಅರಿಕೆಯನ್ನು ಸ್ಪಷ್ಟವಾಗಿ ಹೇಳಿ ಅದರ ಎಲ್ಲೆಯನ್ನೂ ಹೇಳುವುದು, ಮುಂದಿನ ಒಂದು ಕಾರ್ಯವನ್ನು ಕೂಡಿ ನಿಶ್ಚಯಿಸುವುದು. ಅಮ್ಮನ ಕಾಯಿಲೆಯ ಪ್ರಶ್ನೆಯಲ್ಲಿ ಮೊದಲ ಹೆಜ್ಜೆಯೇ ಹಲವು ವಾರಗಳನ್ನು ತೆಗೆದುಕೊಳ್ಳಬಹುದು. ಆಗ ಅವಸರ ಸಲ್ಲದು.

ಬಾಳುವ ವಿಶ್ವಾಸ

ವಿಶ್ವಾಸವನ್ನು ಮೊದಲು ಅರ್ಥಮಾಡಿಕೊಂಡು ಆಮೇಲೆ ಬಾಳಬೇಕೆಂಬ ಕ್ರಮವು ಪುಸ್ತಕದಲ್ಲಿ ಮಾತ್ರ ಇದೆ. ಬಹುಪಾಲು ಮನುಷ್ಯರು ಮಾಡುತ್ತ ಅರಿಯುತ್ತಾರೆ. ನಮ್ಮ ಸಭೆಗಳಲ್ಲಿ ಹದಿಹರೆಯದವರಿಗೆ ಸಿಗುವ ಕೆಲಸವು ಹೆಚ್ಚಾಗಿ ಪ್ರದರ್ಶನದ್ದು. ಕ್ರಿಸ್ಮಸ್ ನಾಟಕ, ಯುವಜನರ ಭಾನುವಾರದ ಒಂದು ಹಾಡು. ಆ ಒಂದು ದಿನ ಸಭೆಯು ಅವರನ್ನು ನೋಡುತ್ತದೆ. ಉಳಿದ ಭಾನುವಾರಗಳಲ್ಲಿ ಅವರು ಬಾರದಿದ್ದರೂ ಯಾವ ಕೆಲಸವೂ ನಿಲ್ಲುವುದಿಲ್ಲ. ಒಂದು ಅವಯವ ಇಲ್ಲದಿದ್ದರೂ ಶರೀರಕ್ಕೆ ಕೊರತೆ ತಿಳಿಯದಿದ್ದರೆ ಪೌಲನ ದೃಷ್ಟಾಂತಕ್ಕೆ (1 ಕೊರಿಂಥ 12) ಅರ್ಥವಿಲ್ಲ.

ಆದುದರಿಂದ ದೃಢೀಕರಣಕ್ಕೆ ಮೊದಲೇ ಪ್ರತಿಯೊಬ್ಬರಿಗೂ ಅವರಿಲ್ಲದಿದ್ದರೆ ಕುಂದುಂಟಾಗುವ ಒಂದು ಸೇವೆಯನ್ನು ಒಪ್ಪಿಸುವುದು ಒಳ್ಳೆಯದು. ಮನೆಬಿಟ್ಟು ಹೊರಬರಲಾರದ ವೃದ್ಧರೊಬ್ಬರನ್ನು ಇಬ್ಬಿಬ್ಬರಾಗಿ ತಿಂಗಳಿಗೊಮ್ಮೆ ಕಂಡು ಬೈಬಲ್ ಓದಿ ಕೇಳಿಸುವುದು ಅಂಥ ಒಂದು ಸೇವೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಅನೇಕ ಮಕ್ಕಳಿಗೆ ಕನ್ನಡ ಸತ್ಯವೇದವನ್ನು ನಿರರ್ಗಳವಾಗಿ ಓದಲು ಬರುವುದಿಲ್ಲ. ಆರಾಧನೆಯ ಭಾಷೆ ಅವರಿಗೆ ಹೊರಗಿನದಾಗಿಬಿಟ್ಟಿದೆ. ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ತಡವರಿಸಿ ಓದುತ್ತ ಅವರು ಭಾಷೆಯನ್ನೂ ಅಜ್ಜಿಯ ವಿಶ್ವಾಸದ ಕಥೆಯನ್ನೂ ಒಟ್ಟಿಗೆ ಪಡೆಯುತ್ತಾರೆ. ಧರ್ಮೋಪದೇಶಕಾಂಡದ ‘ನಾವು’ ಹೀಗೆ ರೂಪುಗೊಳ್ಳುತ್ತದೆ. ಸಣ್ಣ ಮಕ್ಕಳಿಗೆ ಕಲಿಸುವುದು, ಪಾಠವಾಚನ, ಧ್ವನಿವ್ಯವಸ್ಥೆ, ನೆರೆ ಅಥವಾ ಬರದ ಸಮಯದಲ್ಲಿ ಜಾತಿಮತ ನೋಡದೆ ಊರವರಿಗೆ ನೆರವಾಗುವುದು, ಇವೂ ಸೇವೆಗಳೇ. ಪ್ರತಿ ಕಾರ್ಯದ ನಂತರ ಕೂತು ಮಾತನಾಡುವುದು ಮುಖ್ಯ: ಏನನ್ನು ಕಂಡೆವು, ಎಲ್ಲಿ ತೊಡಕಾಯಿತು, ದೇವರು ಎಲ್ಲಿದ್ದನು? ಆಗ ಹೊಸ ಪ್ರಶ್ನೆಗಳು ಹುಟ್ಟುತ್ತವೆ.

ಮನೆ ಮತ್ತು ಭದ್ರತೆ

ಅಮೆರಿಕದ ಹದಿಹರೆಯದವರನ್ನು ಕುರಿತು ಕ್ರಿಶ್ಚಿಯನ್ ಸ್ಮಿತ್ ಮತ್ತು ಮೆಲಿಂಡಾ ಡೆಂಟನ್ 2005ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡು ಸಂಗತಿಗಳನ್ನು ತೋರಿಸಿತು. ಅನೇಕ ಯುವಜನರಿಗೆ ತಮ್ಮ ವಿಶ್ವಾಸವನ್ನು ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. ಅವರ ಧಾರ್ಮಿಕ ಜೀವನದ ಮೇಲೆ ಬಹಳ ಪ್ರಭಾವ ಬೀರಿದವರು ಅವರ ತಂದೆತಾಯಿಗಳೇ. ಆ ದೇಶದ ಪರಿಸ್ಥಿತಿ ಬೇರೆಯಾದರೂ ಎರಡನೆಯ ಮಾತು ಲೋವಿಯನ್ನೂ ಯೂನಿಕೆಯನ್ನೂ ನೆನೆದ ಪೌಲನಿಗೆ (2 ತಿಮೊಥೆಯ 1:5) ಹೊಸದಲ್ಲ. ತರಗತಿಯ ಅವಧಿಯಲ್ಲಿ ಎರಡು ಮೂರು ಬಾರಿಯಾದರೂ ಪೋಷಕರನ್ನು ಮಕ್ಕಳೊಡನೆ ಕೂರಿಸಿ, ನೀವು ಏಕೆ ನಂಬುತ್ತೀರಿ ಎಂಬ ಪ್ರಶ್ನೆಯನ್ನು ಮಕ್ಕಳ ಬಾಯಿಂದಲೇ ಕೇಳಿಸುವುದು ಪ್ರಯೋಜನಕರ. ಉತ್ತರಿಸಲು ತಡವರಿಸುವ ತಂದೆಯೂ ಮಗನಿಗೆ ಒಂದು ಸತ್ಯವನ್ನು ಕಲಿಸುತ್ತಾನೆ.

ಮಕ್ಕಳು ಮನಬಿಚ್ಚಿ ಮಾತನಾಡುವ ಕಡೆ ಗಾಯಗಳೂ ಹೊರಬರುತ್ತವೆ. ಆದುದರಿಂದ ಯಾವ ಸಂಗತಿಯನ್ನೂ ಯಾರಿಗೂ ಹೇಳುವುದಿಲ್ಲವೆಂಬ ವಾಗ್ದಾನವನ್ನು ಸಭಾಪಾಲಕರು ಕೊಡಬಾರದು. ಮಗುವಿನ ಪ್ರಾಣಕ್ಕೋ ದೇಹಕ್ಕೋ ಅಪಾಯವಿದ್ದರೆ ತಕ್ಕವರ ಸಹಾಯ ಪಡೆಯುವೆನೆಂದು ಮೊದಲೇ ತಿಳಿಸಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲರೂ ಮಕ್ಕಳು. ಅವರ ಮೇಲಿನ ಲೈಂಗಿಕ ಅಪರಾಧದ ಅರಿವಾದ ಯಾವ ವ್ಯಕ್ತಿಯೂ ಅದನ್ನು ಪೊಲೀಸರಿಗೆ ವರದಿ ಮಾಡಲೇಬೇಕು. ಸಭೆಯ ಮಾನವನ್ನು ಕಾಪಾಡುವ ನೆಪದಲ್ಲಿ ಇದನ್ನು ಮುಚ್ಚಿಡುವಂತಿಲ್ಲ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ತರಗತಿಯ ಗೋಡೆಯ ಮೇಲಿರಲಿ. ಉಪದೇಶಕನು ಮಗುವಿನೊಂದಿಗೆ ಒಂಟಿಯಾಗಿ ಮಾತನಾಡಬೇಕಾದಾಗ ಇತರರ ಕಣ್ಣಿಗೆ ಕಾಣುವ ಸ್ಥಳದಲ್ಲಿರಲಿ.

ಅಭ್ಯಾಸಕ್ಕೆ ಕೆಲವು ಸೂಚನೆಗಳು

ಬೇಸಿಗೆಯ ರಜೆಯ ಎರಡು ವಾರಗಳಲ್ಲಿ ಮುಗಿಸುವ ತರಗತಿಯಲ್ಲಿ ಇಷ್ಟೆಲ್ಲ ಸಾಧ್ಯವಾಗದು. ಕನಿಷ್ಠ ಒಂದು ಸಭಾವರ್ಷ, ಅಂದರೆ ಆಗಮನಕಾಲದಿಂದ ಆಗಮನಕಾಲದವರೆಗೆ, ತಿಂಗಳಿಗೆ ಎರಡು ಕೂಟಗಳಾದರೂ ಇರಲಿ. ಪ್ರತಿ ಅಭ್ಯರ್ಥಿಗೂ ಕುಟುಂಬದ ಹೊರಗಿನ ಒಬ್ಬ ಪ್ರೌಢ ಸಭಾಸದಸ್ಯರನ್ನು ಪ್ರಾರ್ಥನಾ ಸಂಗಾತಿಯನ್ನಾಗಿ ನೇಮಿಸಿ, ಆ ಸಂಬಂಧವನ್ನು ದೃಢೀಕರಣದ ನಂತರವೂ ಮುಂದುವರಿಸಬೇಕು. ಓದಿಗಾಗಿ ಬೇರೆ ಊರಿಗೆ ಹೋಗುವವರ ಹೆಸರನ್ನು ಅಲ್ಲಿನ ಸಭಾಪಾಲಕರಿಗೆ ತಿಳಿಸುವುದು ಒಂದು ಫೋನ್ ಕರೆಯ ಕೆಲಸ. ಇದೊಂದನ್ನು ತಪ್ಪದೆ ಮಾಡಿದರೂ ಕಳೆದುಹೋಗುವ ಕೆಲವರು ಉಳಿಯುವರು. ಇನ್ನೂ ಸಿದ್ಧನಲ್ಲವೆಂದು ಪ್ರಾಮಾಣಿಕವಾಗಿ ಹೇಳುವ ಹುಡುಗನಿಗೆ ಕಾಯುವ ಸ್ವಾತಂತ್ರ್ಯವಿರಲಿ. ತಾನಾಡುವ ಅರಿಕೆಗೆ ಬೆಲೆಯಿದೆಯೆಂದು ಅವನು ಅರಿತಿದ್ದಾನೆ.

ಸೇವಾಭ್ಯಾಸಕ್ಕೆ ಸಭೆಗಳಿಗೆ ಹೋಗುವ ಸೆಮಿನರಿಯ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲು ದೊರೆಯುವುದು ಈ ಮಕ್ಕಳ ತರಗತಿಯೇ. ಅದನ್ನು ಕಿರಿಯರಿಗೆ ಬಿಟ್ಟ ಕೆಲಸವೆಂದು ಎಣಿಸಬೇಡಿರಿ. ಹದಿನೈದರ ಹುಡುಗಿಯೊಬ್ಬಳು ಚೀಟಿಯಲ್ಲಿ ಬರೆದ ಪ್ರಶ್ನೆಗೆ ಸತ್ಯವಾಗಿಯೂ ಪ್ರೀತಿಯಿಂದಲೂ ಉತ್ತರಿಸಲು ನೀವು ಕಲಿತ ವ್ಯಾಖ್ಯಾನಶಾಸ್ತ್ರ, ಸಭಾಚರಿತ್ರೆ, ಸಿದ್ಧಾಂತ ಎಲ್ಲವೂ ಬೇಕಾಗುತ್ತವೆ. ಉತ್ತರ ತಿಳಿಯದಾಗ ‘ನನಗೂ ಗೊತ್ತಿಲ್ಲ, ಮುಂದಿನ ವಾರ ಕೂಡಿ ಹುಡುಕೋಣ’ ಎಂದು ಹೇಳಿರಿ, ಮತ್ತು ಮುಂದಿನ ವಾರ ತಪ್ಪದೆ ಹೋಗಿರಿ.